ಉತ್ತರಕ್ಕೆ ಹೋದವನು

ಎಮ್ಲಿನ್ ಪ್ರೋಸರ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಕಪ್ ಚಹಾ ಪೂರ್ತಿ ಕುಡಿದದ್ದನ್ನು ಆಲ್ಡರ್‌ಶಾ ಊರಿನಲ್ಲಿ ಯಾರೂ ಕಂಡವರಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಹಿಲ್ಡಾ ಇದನ್ನು ಹೊಸ ಗಂಡನ ಸಂಭ್ರಮ ಅಂದುಕೊಂಡಿದ್ದಳು. ವರ್ಷ ಕಳೆಯುವಷ್ಟರಲ್ಲಿ ಇದು ಹುಟ್ಟುಗುಣ, ತನ್ನಿಂದ ಬಂದದ್ದೂ ಅಲ್ಲ, ತನ್ನಿಂದ ಹೋಗುವುದೂ ಅಲ್ಲ ಎಂದು ಗೊತ್ತಾಯಿತು. ಚಹಾದ ಕಪ್ ಹಿಡಿದುಕೊಂಡೇ ಅವನು ಕಿಟಕಿಗೆ ಹೋಗುವನು, ಅಲ್ಲಿಂದ ಹಿತ್ತಲ ಬಾಗಿಲಿಗೆ, ಅಲ್ಲಿಂದ ಒಲೆಯ ಹತ್ತಿರಕ್ಕೆ. ಆ ಬುಧವಾರ ಬೆಳಿಗ್ಗೆಯಂತೂ ಅವನ ಕಾಲಿಗೆ ಸಿಕ್ಕಿ ನೆಲಹಾಸೇ ಸವೆದುಹೋಗುತ್ತದೋ ಏನೋ ಅನ್ನುವ ಹಾಗಿತ್ತು.

"ಕೂತ್ಕೋ ಮಾರಾಯ," ಎಂದಳು ಹಿಲ್ಡಾ. "ಆ ಮಂಡಿಗಾದ್ರೂ ಸ್ವಲ್ಪ ಪುರುಸೊತ್ತು ಕೊಡು."

"ಮಂಡಿಗೇನಾಗಿದೆ? ಚೆನ್ನಾಗೇ ಇದೆ."

"ಹೌದಾ? ಡಾಕ್ಟ್ರು ನನ್ ಹತ್ರ ಬೇರೆ ಥರ ಹೇಳಿದ್ರಲ್ಲ."

ಡಾಕ್ಟರು ಹೇಳಿದ್ದು ಸುತ್ತುಬಳಸಿನ ಮಾತೇನಲ್ಲ. ಮಂಡಿಯೊಳಗಿನ ಮೆತ್ತೆ ಹರಿದಿದೆ, ಇನ್ನೊಂದು ಸಲ ಜೋರಾಗಿ ತಿರುಚಿದರೆ ಆಟ ಮುಗಿದ ಹಾಗೆ ಎಂದಿದ್ದರು. ಶನಿವಾರ ಸ್ವಾನ್‌ಸಿಯಲ್ಲಿ ಹದಿಮೂರು ಮಂದಿಯ ರಗ್ಬಿಯಲ್ಲಿ ವೇಲ್ಸ್ ತಂಡಕ್ಕೂ ಫ್ರಾನ್ಸಿಗೂ ಪಂದ್ಯವಿತ್ತು. ಎಮ್ಲಿನ್ ನಾಯಕ. ಗೆದ್ದರೂ ಸೋತರೂ ಇದೇ ಕೊನೆ ಎಂದು ಅವನು ಒಳಗೇ ತೀರ್ಮಾನ ಮಾಡಿಬಿಟ್ಟಿದ್ದ. ಅದು ಹಿಲ್ಡಾಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ನಿಮ್ಮಪ್ಪ ಬರ್ತಾರಾ?" ಎಂದು ಹಿಲ್ಡಾ ಕೇಳಿಯೇಬಿಟ್ಟಳು. ಅವನು ಬೆಳಗಿನಿಂದ ಸುತ್ತುಹಾಕುತ್ತಿದ್ದದ್ದು ಆ ಒಂದು ಪ್ರಶ್ನೆಯನ್ನೇ.

"ಬರಲ್ಲ."

"ಕೇಳಿದ್ಯಾ?"

"ಕೇಳೋದೇನು? ಎಂಟು ವರ್ಷದಿಂದ ಗೊತ್ತಿರೋದೇ."

"ಗೊತ್ತಿದ್ರೆ ಯಾಕೆ ಹಿಂಗೆ ಕುದೀತಿದ್ದೀಯ? ಹೋಗಿ ಕೇಳು. ಇಲ್ಲ ಅಂದ್ರೆ ಇಲ್ಲ ಅಂತಾನಾದ್ರೂ ಆಗತ್ತೆ. ನನ್ನ ನೆಲಹಾಸಾದ್ರೂ ಉಳಿಯತ್ತೆ."

ಹಿಲ್ಡಾಗೆ ನೂಲಿನ ಗಿರಣಿಯಲ್ಲಿ ಶನಿವಾರವೂ ಕೆಲಸ, ರಜೆ ಸಿಕ್ಕಿರಲಿಲ್ಲ. ಅವನೊಬ್ಬನೇ ಮರುದಿನ ರೈಲು ಹತ್ತಿದ. ರೈಲಿನಲ್ಲೂ ಕೂತವನಲ್ಲ. ಇಡೀ ದಾರಿ ಬಾಗಿಲ ಹತ್ತಿರ ನಿಂತು, ಟಿಕೆಟ್ ನೋಡಲು ಬಂದವನಿಗೆ ಅಡ್ಡವಾಗಿ ಬೈಸಿಕೊಂಡ.

ಅವನ ಹುಟ್ಟೂರು ಪೆಂತ್ರೆಗ್ಲೋ. ಗುಡ್ಡದ ಹೊಟ್ಟೆಯಲ್ಲಿ ಕಲ್ಲಿದ್ದಲು, ಗುಡ್ಡದ ಬುಡದಲ್ಲಿ ಸಾಲುಮನೆ, ಸಾಲುಮನೆಯ ತುದಿಯಲ್ಲಿ ರಗ್ಬಿ ಮೈದಾನ. ಅಲ್ಲಿಯ ಆಟ ಹದಿನೈದು ಮಂದಿಯದು, ಅದಕ್ಕೆ ಕಾಸಿಲ್ಲ. ಉತ್ತರದ ಊರುಗಳಲ್ಲಿ ಆಡುವುದು ಹದಿಮೂರು ಮಂದಿಯ ಆಟ, ಅದಕ್ಕೆ ಕಾಸುಂಟು. ಒಂದು ಸಲ ಆ ಕಾಸು ಮುಟ್ಟಿದವನಿಗೆ ಹದಿನೈದರ ಆಟದ ಬಾಗಿಲು ಸಾಯುವವರೆಗೆ ಮುಚ್ಚಿದ ಹಾಗೇ. ಆಡುವಂತಿಲ್ಲ, ಕೇರಿಯ ಹುಡುಗರಿಗೆ ಕಲಿಸುವಂತಿಲ್ಲ, ಕ್ಲಬ್ಬಿನೊಳಗೆ ಕಾಲಿಟ್ಟು ಹಳೇ ಗೆಳೆಯರ ಜೊತೆ ಒಂದು ಗ್ಲಾಸ್ ಬಿಯರ್ ಕುಡಿಯುವಂತೆಯೂ ಇಲ್ಲ. ಕೊಲೆ ಮಾಡಿ ಜೈಲಿಗೆ ಹೋಗಿ ಬಂದವನು ಬೇಕಾದರೆ ಒಳಗೆ ಬಂದು ಕುಡಿಯಬಹುದಿತ್ತು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಪೆಂತ್ರೆಗ್ಲೋದಲ್ಲಿ "ಅವನು ಉತ್ತರಕ್ಕೆ ಹೋದ" ಅನ್ನುವುದನ್ನು "ತೀರಿಕೊಂಡ" ಅನ್ನುವ ದನಿಯಲ್ಲೇ ಹೇಳುತ್ತಿದ್ದರು.

ಆ ಮೈದಾನದ ಗೇಟು ಕಾಯುತ್ತಿದ್ದವನು ಎಮ್ಲಿನ್‌ನ ಅಪ್ಪ ಗೊಮರ್ ಪ್ರೋಸರ್. ವಾರವೆಲ್ಲ ಗಣಿಯೊಳಗೆ ಕಲ್ಲಿದ್ದಲು ಕಡಿದು, ಶನಿವಾರ ಮಧ್ಯಾಹ್ನ ಮೈ ತೊಳೆದುಕೊಂಡು, ದುಂಡು ನೆತ್ತಿಯ ತನ್ನ ಉಣ್ಣೆಯ ಕಪ್ಪು ಗಟ್ಟಿಹ್ಯಾಟಿನ ಧೂಳು ಜಾಡಿಸಿ ತಲೆಗಿಟ್ಟು ಗೇಟಿನಲ್ಲಿ ನಿಲ್ಲುತ್ತಿದ್ದ. ನಿಂತನೆಂದರೆ ನಿಂತ. ಮಳೆಯಿರಲಿ, ಹಿಮವಿರಲಿ, ಆ ಹ್ಯಾಟು ಅಲ್ಲಾಡುತ್ತಿರಲಿಲ್ಲ. ಅಂಥವನ ಹೊಟ್ಟೆಯಲ್ಲಿ ಇಂಥ ಕಾಲೂರದ ಮಗ ಹೇಗೆ ಹುಟ್ಟಿದ ಎಂದು ಊರು ತಮಾಷೆ ಮಾಡುತ್ತಿತ್ತು.

ಆದರೆ ಆ ಕಾಲುಗಳ ಬಗ್ಗೆ ಅಪ್ಪನಿಗೆ ಹೆಮ್ಮೆಯಿತ್ತು. ಮಗ ಇಪ್ಪತ್ಮೂರಕ್ಕೆಲ್ಲ ವೇಲ್ಸಿನ ಹದಿನೈದರ ತಂಡಕ್ಕೆ ಮುಂದೆ ಆಡಿಸಲು ಕಾಯ್ದಿಟ್ಟವರ ಪಟ್ಟಿಗೆ ಬಂದಿದ್ದ. ಇನ್ನೊಂದು ತಿಂಗಳು ಕಾದಿದ್ದರೆ ದೇಶದ ಕೆಂಪು ಅಂಗಿ, ಅದರ ಜೊತೆ ಕೊಡುವ ಕುಚ್ಚಿನ ಟೋಪಿ, ಎರಡೂ ಅವನದೇ ಎಂದು ಬೀದಿನಾಯಿಗೂ ಗೊತ್ತಿತ್ತು. ಗೊಮರ್ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಹೆಂಡತಿಯ ಎರಡು ಪಿಂಗಾಣಿ ನಾಯಿಗಳನ್ನು ಆಚೆಗೊಂದು ಈಚೆಗೊಂದು ಸರಿಸಿ, ನಡುವೆ ಟೋಪಿಗೆ ಜಾಗ ಮಾಡಿಟ್ಟ. ಅಷ್ಟರಲ್ಲಿ ಒಂದು ದಿನ ಉದ್ದ ಕೋಟಿನ ಇಬ್ಬರು ಕರೀ ಕಾರಿನಲ್ಲಿ ಬಂದು ಎಮ್ಲಿನ್‌ನನ್ನು ಉತ್ತರಕ್ಕೆ ಕರೆದುಕೊಂಡು ಹೋದರು. ಗುಟ್ಟಾಗಿ ಪರೀಕ್ಷೆಯ ಪಂದ್ಯ ಆಡಿಸಿದರು. ಸಿಕ್ಕಿಬೀಳಬಾರದೆಂದು ಆಟಗಾರರ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ 'ಇನ್ನೊಬ್ಬ' ಎಂದಷ್ಟೇ ಅಚ್ಚು ಹಾಕಿಸಿದ್ದರು. ಅದು ಅಲ್ಲಿಯ ರೂಢಿ. 'ಇನ್ನೊಬ್ಬ' ಅವತ್ತು ಎಲ್ಲರನ್ನೂ ಸುತ್ತಿಸಿ ಬೀಳಿಸಿದ, ಸಂಜೆಯೇ ಸಹಿ ಹಾಕಿದ.

ಊರಿಗೆ ಊರೇ ಕಾಸಿಗೆ ಬಾಯಿಬಿಟ್ಟ ಎಂದಿತು. ಅಪ್ಪನೂ ಹಾಗೇ ತಿಳಿದ. ಕ್ಲಬ್ಬಿನ ಅಧ್ಯಕ್ಷ ಇಯಾಂಟೊ, ಕಸಾಯಿ ಅಂಗಡಿಯವನು, ಸಭೆ ಕರೆದು ನಿಯಮದ ಪ್ರಕಾರ ಎಮ್ಲಿನ್ ಹೆಸರು ಹೊಡೆದುಹಾಕಬೇಕಲ್ಲ ಎಂದು ತಡವರಿಸುತ್ತಿದ್ದಾಗ ಮೊದಲು ಕೈಯೆತ್ತಿದವನು ಗೊಮರ್. "ನನ್ನ ಮನೆಯವನು ಅಂತ ನಾನು ಗೇಟು ತೆಗಿಯೋನಲ್ಲ. ಆ ಹದಿಮೂರರ ಆಟದ ಮೈದಾನಕ್ಕೆ ನಾನೂ ಕಾಲಿಡಲ್ಲ," ಎಂದಿದ್ದನಂತೆ. ಇಯಾಂಟೊ ಅದನ್ನು ಕೇಳಿ ತಲೆ ತಗ್ಗಿಸಿ ಕೂತನಂತೆ.

ನಿಜ ಸಂಗತಿ ಬೇರೆಯೇ ಇತ್ತು. ಎಮ್ಲಿನ್‌ಗೆ ಗಣಿಯೊಳಕ್ಕೆ ಜನರನ್ನು ಇಳಿಸುವ ತೊಟ್ಟಿಲು ಕಂಡರೆ ಜೀವ ಹೋಗುತ್ತಿತ್ತು. ಬೆಳಗಿನ ಪಾಳಿಗೆ ಇಪ್ಪತ್ತು ಜನರನ್ನು ತುಂಬಿ, ಜಾಲರಿ ಎಳೆದು, ಗಂಟೆ ಹೊಡೆದು ಆ ಕಬ್ಬಿಣದ ಪಂಜರವನ್ನು ಕತ್ತಲೆಗೆ ಬಿಡುತ್ತಿದ್ದರಲ್ಲ, ಆಗ ಅವನು ಕಣ್ಣು ಮುಚ್ಚಿ ಜಾಲರಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಕೆಳಗೆ ಕಾಲಾಡಿಸಲು ಜಾಗವಿಲ್ಲ, ತಲೆಯೆತ್ತಲು ಜಾಗವಿಲ್ಲ. ಗಣಿಯವರ ಮನೆಯಲ್ಲಿ ಹುಟ್ಟಿ ಗಣಿಗೆ ಹೆದರುತ್ತೇನೆ ಎಂದು ಹೇಳುವುದಕ್ಕಿಂತ ಕಾಸಿನಾಸೆಯವನು ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವನು ಬಾಯಿ ಮುಚ್ಚಿಕೊಂಡಿದ್ದ. ಉತ್ತರದ ಆಲ್ಡರ್‌ಶಾ ಕ್ಲಬ್ಬಿನವರು ಬಿಯರ್ ಕಾರ್ಖಾನೆಯ ಕುದುರೆಗಾಡಿ ಹೊಡೆಯುವ ಕೆಲಸ ಕೊಡುತ್ತೇವೆ ಎಂದಿದ್ದರು. ತಲೆಯ ಮೇಲೆ ಬರೀ ಆಕಾಶ. ಆ ಮಾತು ಕೇಳಿದ ಮೇಲೆ ಇನ್ನೊಂದು ತಿಂಗಳಲ್ಲ, ಇನ್ನೊಂದು ದಿನವೂ ಅವನಿಗೆ ಆ ತೊಟ್ಟಿಲಿಗೆ ಕಾಲಿಡಲಾಗಲಿಲ್ಲ.

ಆಮೇಲೆ ಎಂಟು ವರ್ಷ ಓಡಿದ್ದೇ ಓಡಿದ್ದು. ಆಲ್ಡರ್‌ಶಾದ ಕೆಸರಿನಲ್ಲಿ ಓಡಿದ, ಲಂಡನ್ನಿನ ದೊಡ್ಡ ಮೈದಾನದಲ್ಲಿ ಕಪ್ ಗೆಲ್ಲಲು ಓಡಿದ, ಗ್ರೇಟ್ ಬ್ರಿಟನ್ನಿನ ಅಂಗಿ ತೊಟ್ಟು ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಯ ಗಟ್ಟಿ ನೆಲದಲ್ಲಿ ಮೊಣಕೈ ಸುಲಿಸಿಕೊಂಡು ಓಡಿದ. ಅಲ್ಲೊಂದು ಊರಿನವರು, ನಿಮ್ಮಲ್ಲಿ ಬಹಳ ಜನ ಗಣಿಯವರಲ್ಲವೇ ಎಂದು ಪ್ರೀತಿಯಿಂದ ತಮ್ಮ ಗಣಿ ತೋರಿಸಲು ಕರೆದೊಯ್ದರು. ಎಮ್ಲಿನ್ ಹೊಟ್ಟೆನೋವಿನ ನೆಪ ಹೇಳಿ ಬಸ್ಸಿನಲ್ಲೇ ಉಳಿದ. ತಂಡದವರು ಅದನ್ನೇ ಹಿಡಿದುಕೊಂಡು ವಾರವಿಡೀ ಅವನನ್ನು ಗೋಳು ಹೊಯ್ದುಕೊಂಡರು. ಪತ್ರಿಕೆಗಳು ಅವನನ್ನು ಮೆರೆಸಿದವು, ಹುಡುಗರು ಸಹಿ ಕೇಳಿದರು. ಆದರೆ ಪ್ರತಿ ಪಂದ್ಯಕ್ಕೂ ಮೈದಾನಕ್ಕಿಳಿದ ಕೂಡಲೇ ಅವನ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು. ಅಲ್ಲಿ ಯಾವತ್ತೂ ಯಾರೋ ಬೇರೆಯವರು ನಿಂತಿರುತ್ತಿದ್ದರು.

ಮನೆಯಲ್ಲಿ ಅಮ್ಮ ಓಲ್ವೆನ್ ಕುರಿಮಾಂಸ, ಗಡ್ಡೆ ಹಾಕಿದ ಸಾರು ಕಾಯಿಸಿಟ್ಟಿದ್ದಳು. ಹಲಗೆಯ ಮೇಲೆ ಪಿಂಗಾಣಿ ನಾಯಿಗಳು ಈಗಲೂ ದೂರ ದೂರ ಕೂತಿದ್ದವು, ನಡುವಿನ ಜಾಗ ಖಾಲಿ. ಎಮ್ಲಿನ್ ಜೇಬಿನಿಂದ ಶನಿವಾರದ ಎರಡು ಟಿಕೆಟ್ ತೆಗೆದು ಅಲ್ಲಿಟ್ಟ.

"ನಾನಂತೂ ಬರ್ತೀನಿ," ಎಂದಳು ಅಮ್ಮ. "ಇಷ್ಟು ಹತ್ರ ಬಂದು ಆಡ್ತೀಯ, ನೋಡದೆ ಇರ್ತೀನಾ? ಅವರದ್ದು ನಂಗೊತ್ತಿಲ್ಲ ಮರಿ."

"ನನ್ನ ಸುದ್ದಿ ಏನಾದ್ರೂ ಎತ್ತುತ್ತಾರಾ?"

"ಬಾಯಲ್ಲಿ ಎತ್ತಲ್ಲ. ಭಾನುವಾರದ ಪೇಪರನ್ನ ಪಾರಿವಾಳದ ಗೂಡಿಗೆ ಹಾಸ್ತೀನಿ ಅಂತ ಹಿತ್ತಲಿಗೆ ತಗೊಂಡು ಹೋಗ್ತಾರೆ. ಪೇಪರ್ ಹಾಸೋಕೆ ಒಂದು ಗಂಟೆ ಯಾಕೆ ಬೇಕು ಅಂತ ನಾನು ಕೇಳಲ್ಲ. ಸಾರು ತಣ್ಣಗಾಗತ್ತೆ, ಕೂತು ತಿನ್ನು."

ಅವನು ನಿಂತೇ ತಿಂದ. ತಿಂದವನೇ ಮೈದಾನದ ಕಡೆ ನಡೆದ.

ಗುರುವಾರದ ಅಭ್ಯಾಸ ನಡೆದಿತ್ತು. ಗೊಮರ್ ಗೇಟಿನ ಒಳಗೆ ಬೀಗದ ಕೈ ಗೊಂಚಲು ಹಿಡಿದು ನಿಂತಿದ್ದ. ಮಗ ಹೊರಗೆ ನಿಂತ. ನಡುವೆ ಸೊಂಟದೆತ್ತರದ ಕಬ್ಬಿಣದ ಗೇಟು.

"ಒಳಗೆ ಬರೋ ಹಾಗಿಲ್ಲ," ಎಂದ ಅಪ್ಪ.

"ಬರ್ತೀನಿ ಅಂದ್ನಾ?"

"ಮೊದಲೇ ಹೇಳಿದ್ದು."

"ಹೆಂಗಿದ್ದೀಯಪ್ಪ?"

"ಉಸಿರು ಸ್ವಲ್ಪ ಕಟ್ಟತ್ತೆ. ಎಲ್ರಿಗೂ ಕಟ್ಟತ್ತೆ." ಗೊಮರ್ ಒಂದು ಸಲ ಮಗನ ಕಾಲಿನ ಕಡೆ ನೋಡಿದ. "ಎಡಗಾಲು ಎಳೀತಿದ್ದೀಯ."

"ಏನಿಲ್ಲ. ಅಪ್ಪಾ, ಶನಿವಾರ ಸ್ವಾನ್‌ಸಿಯಲ್ಲಿ..."

"ಗೊತ್ತು."

"ಟಿಕೆಟ್ ಮನೇಲಿಟ್ಟಿದ್ದೀನಿ. ಒಂದೇ ಒಂದು ಸಲ ಬಾ. ಇನ್ಮೇಲೆ ಕೇಳಲ್ಲ."

ಇನ್ಮೇಲೆ ಕೇಳಲು ಆಟವೇ ಇರುವುದಿಲ್ಲ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇಯಾಂಟೊ ಹೊಟ್ಟೆ ಮುಂದೆ ಮಾಡಿಕೊಂಡು ಬಂದ.

"ಓಹೋ, ಆಸ್ಟ್ರೇಲಿಯಾ ಕಂಡ ದೊಡ್ಡ ಮನುಷ್ಯ! ಒಂದು ಗ್ಲಾಸ್ ಕೊಡಿಸೋಣ ಅಂತ ಮನಸ್ಸಿದೆ ಕಣಯ್ಯಾ. ಆದ್ರೆ ಹೊರಗೆ ತಂದು ಕುಡಿಸೋಕೆ ನೀನೇನು ಹಾಲಿನವನ ಕುದುರೇನಾ?"

"ನಾನು ಬಿಯರ್ ಕೇಳಿಲ್ಲ ಇಯಾಂಟೊ. ಅಪ್ಪನ್ನ ಶನಿವಾರ ಕಳಿಸ್ಕೊಡಿ ಅಂತಿದ್ದೀನಿ."

ಇಯಾಂಟೊ ಕೆಮ್ಮಿದ. ಮುಖದ ನಗು ಹೋಯಿತು. "ಗೊಮರ್ ಎಲ್ಲಿಗೆ ಬೇಕಾದ್ರೂ ಹೋಗ್ಬಹುದಪ್ಪ. ಆದ್ರೆ ಆ ಮೈದಾನದೊಳಗೆ ಕಂಡ ಅಂತ ಯಾರಾದ್ರೂ ಜಿಲ್ಲೆಯ ರಗ್ಬಿ ಮಂಡಳಿಯವರ ಕಿವಿಗೆ ಹಾಕಿದ್ರೆ, ಗೇಟಿನ ಬೀಗದ ಕೈ ನಾನು ವಾಪಸ್ ಇಸ್ಕೋಬೇಕಾಗತ್ತೆ. ನಂಗೆ ಅದು ಇಷ್ಟ ಅಂದ್ಕೊಂಡ್ಯಾ?"

"ಯಾರೂ ಯಾರನ್ನೂ ಕಳಿಸ್ಬೇಕಾಗಿಲ್ಲ," ಎಂದ ಗೊಮರ್. "ಶನಿವಾರ ಇಲ್ಲೂ ಪಂದ್ಯ ಇದೆ. ನಾನು ಗೇಟಲ್ಲಿರ್ತೀನಿ. ಅವತ್ತು ಆಡಿದ ಮಾತು ಆಡಿದ್ದೇ."

"ನನಗಿಂತ ಈ ಗೇಟೇ ಹೆಚ್ಚಾಯ್ತಾ ನಿಂಗೆ?" ಎಮ್ಲಿನ್ ದನಿ ಏರಿತು. ಓಡುತ್ತಿದ್ದ ಹುಡುಗರು ನಿಂತು ಈ ಕಡೆ ನೋಡಿದರು.

"ನಿಂಗೆ ಒಂದು ತಿಂಗಳು ಕಾಯೋದು ಹೆಚ್ಚಾಯ್ತಲ್ಲ," ಎಂದ ಅಪ್ಪ. ಆ ಮಾತನ್ನು ಎಂಟು ವರ್ಷದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದವನಂತೆ ಥಟ್ಟನೆ ಅಂದುಬಿಟ್ಟ. ಎಮ್ಲಿನ್‌ಗೆ ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ತಿರುಗಿ ನಡೆದ. ಶುಕ್ರವಾರ ಬೆಳಿಗ್ಗೆಯೇ ಸ್ವಾನ್‌ಸಿಯ ಹೋಟೆಲಿಗೆ ಹೋಗಿ ತಂಡ ಸೇರಿಕೊಂಡ.

ಸ್ವಾನ್‌ಸಿಯ ಮೈದಾನ ಕಡಲ ದಂಡೆಯಲ್ಲಿದೆ. ಮೈದಾನದ ಗೋಡೆ, ಗೋಡೆಯಾಚೆ ರಸ್ತೆ, ರಸ್ತೆಯಾಚೆ ಮಂಬಲ್ಸ್ ರೈಲಿನ ಹಳಿ, ಹಳಿಯಾಚೆ ಮರಳು. ಎರಡು ಮಹಡಿಯ ಕೆಂಪು ಡಬ್ಬಿಗಳ ಆ ವಿದ್ಯುತ್ ರೈಲು ಪೇಟೆಯಿಂದ ಮಂಬಲ್ಸ್ ತುದಿಗೆ, ತುದಿಯಿಂದ ಪೇಟೆಗೆ ಗುಯ್ಯೆನ್ನುತ್ತ ದಿನವಿಡೀ ಓಡಾಡುತ್ತದೆ.

ಶನಿವಾರ ಮಧ್ಯಾಹ್ನ ಎರಡೂವರೆಯ ಪಂದ್ಯಕ್ಕೆ ತಂಡದ ಮುಂದಾಳಾಗಿ ಮೈದಾನಕ್ಕಿಳಿದಾಗ ಎಮ್ಲಿನ್ ರೂಢಿಯಂತೆ ಮೊದಲು ಗೇಟು ನೋಡಿದ, ಆಮೇಲೆ ತಾನು ಟಿಕೆಟ್ ಕೊಟ್ಟಿದ್ದ ಜಾಗ ನೋಡಿದ. ಅಮ್ಮ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ಅವಳ ಕೈಚೀಲ ಕೂತಿತ್ತು. ಸರಿ, ಇಲ್ಲ ಅಂದರೆ ಇಲ್ಲ ಎಂದು ಗೊತ್ತಾಯಿತು. ಗೊತ್ತಾದರೆ ಸಾಕು ಎಂದು ಹಿಲ್ಡಾ ಹೇಳಿದ್ದಳು, ಆದರೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸಿಟ್ಟಿನ ಉರಿಯಲ್ಲೇ ಆಡಿದ. ಫ್ರಾನ್ಸಿನವರು ಚುರುಕಿನ ಜನ, ಚೆಂಡನ್ನು ಬಿಸಿ ಕೆಂಡವೋ ಎಂಬಂತೆ ಕೈಯಿಂದ ಕೈಗೆ ದಾಟಿಸುವವರು. ಅವರಿಗೂ ಇವನನ್ನು ಹಿಡಿಯಲಾಗಲಿಲ್ಲ. ಎರಡು ಸಲ ಅವರ ಸಾಲು ಸೀಳಿಕೊಂಡು ಹೋದ. ಮೂರನೆಯ ಸಲ ಒಬ್ಬ ದಪ್ಪನೆಯವನು ಅಡ್ಡದಿಂದ ಬಂದು ಅಪ್ಪಳಿಸಿದ. ಕಾಲು ನೆಲದಲ್ಲಿ ನಾಟಿ, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಏನೋ ಲಟಕ್ಕೆಂದಿತು.

ಆಗೆಲ್ಲ ಬದಲಿ ಆಟಗಾರ ಎಂಬುದು ಇರಲಿಲ್ಲ. ಒಬ್ಬ ಬಿದ್ದರೆ ಉಳಿದ ಹನ್ನೆರಡು ಮಂದಿ ಆಡಬೇಕು. ಅದಕ್ಕೇ ಗಾಯವಾದವನು ನಿಲ್ಲುವಂತಿದ್ದರೆ ಅವನನ್ನು ಅಂಚಿಗೆ ತಂದು ನಿಲ್ಲಿಸುತ್ತಿದ್ದರು. ಅವನು ಏನೂ ಮಾಡಲಾರ ಎಂದು ಗೊತ್ತಿದ್ದರೂ ಎದುರಾಳಿಯ ಒಬ್ಬನಾದರೂ ಅವನನ್ನು ಕಾಯಬೇಕಲ್ಲ! ವಿರಾಮದಲ್ಲಿ ತಂಡದ ಮಾಲೀಶಿನವನು ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತುತ್ತ, "ಒಳಗೇ ಇದ್ಬಿಡು ಗುರುವೇ, ಇದು ಮುಗೀತು," ಎಂದ. "ಮುಗೀತು ಅಂತ ನಂಗೂ ಗೊತ್ತು, ಸುತ್ತು ನೀನು," ಎಂದು ಎಮ್ಲಿನ್ ಎದ್ದು ಕುಂಟುತ್ತ ಹೋಗಿ ಎಡ ಅಂಚಿನಲ್ಲಿ, ರಸ್ತೆಯ ಬದಿಗೆ ನಿಂತ.

ಜನ್ಮದಲ್ಲಿ ಮೊದಲ ಸಲ ಅವನು ಒಂದು ಕಡೆ ನಿಂತಿದ್ದ. ಆಟ ಬೇರೆ ಕಡೆ ನಡೆಯುತ್ತಿತ್ತು. ಕಾಲು ಅಲ್ಲಾಡಿಸುವಂತಿಲ್ಲ, ಕಣ್ಣು ಮಾತ್ರ ಅಲೆಯುತ್ತಿತ್ತು. ಹಾಗೆ ಅಲೆಯುವಾಗ ಗೋಡೆಯ ಮೇಲಿಂದ ಮಂಬಲ್ಸ್ ರೈಲಿನ ಮೇಲ್ಮಹಡಿ ಹಾದುಹೋದದ್ದು ಕಂಡಿತು. ಎಲ್ಲರೂ ಕೂತಿದ್ದರು. ಒಬ್ಬ ಮಾತ್ರ ಕಿಟಕಿಗೆ ಎದೆಯೊತ್ತಿ ನಿಂತಿದ್ದ. ತಲೆಯ ಮೇಲೆ ಕಪ್ಪು ಗಟ್ಟಿಹ್ಯಾಟು.

ಕಪ್ಪು ಹ್ಯಾಟಿನ ಮುದುಕರಿಗೆ ವೇಲ್ಸಿನಲ್ಲಿ ಬರವೇ ಎಂದು ಎಮ್ಲಿನ್ ತನ್ನನ್ನೇ ಬೈದುಕೊಂಡ. ಆದರೆ ಸ್ವಲ್ಪ ಹೊತ್ತಿಗೆ ರೈಲು ಆ ದಿಕ್ಕಿನಿಂದ ವಾಪಸ್ ಬಂತು, ಹ್ಯಾಟೂ ವಾಪಸ್ ಬಂತು. ಪೇಟೆಯ ಕಡೆ ಹೋಯಿತು, ಮತ್ತೆ ಬಂತು. ಇವನಿಗೆ ಚೆಂಡಿನ ಮೇಲಿನ ಗಮನವೇ ಹಾರಿಹೋಯಿತು. ಕುತ್ತಿಗೆ ರೈಲಿನ ಜೊತೆ ತಿರುಗುತ್ತಿತ್ತು. ಅವನನ್ನು ಕಾಯುತ್ತಿದ್ದ ಫ್ರೆಂಚ್ ಹುಡುಗನೂ ಇದೇನು ಮಾಯೆ ಎಂದು ಅದೇ ಕಡೆ ನೋಡತೊಡಗಿದ.

ಇನ್ನು ಕೆಲವೇ ನಿಮಿಷ ಉಳಿದಿದ್ದಾಗ ರೈಲು ಮೈದಾನದ ಎದುರಿನ ನಿಲ್ದಾಣದಲ್ಲಿ ಬಂದು ನಿಂತಿತು. ಹ್ಯಾಟು ಕಿಟಕಿಯಲ್ಲಿತ್ತು. ಅದೇ ಗಳಿಗೆಯಲ್ಲಿ ಚೆಂಡು ಸಾಲಾಗಿ ಕೈದಾಟಿ ಎಡಕ್ಕೆ ಬಂತು. ಕಾಯುವವನು ರೈಲು ನೋಡುತ್ತಿದ್ದ. ಎಮ್ಲಿನ್ ಚೆಂಡು ಹಿಡಿದ. ಓಡಿದ ಅನ್ನುವುದು ಸುಳ್ಳು, ಒಂದು ಕಾಲಿನ ಮೇಲೆ ಕುಪ್ಪಳಿಸಿದ. ದಾಟಿದರೆ ಅಂಕ ಸಿಗುವ ಗೆರೆ ಹತ್ತಿರವೇ ಇತ್ತು. ಒಳಬದಿಯಲ್ಲಿ ಅವನ ತಂಡದ ಹೊಸ ಹುಡುಗನೊಬ್ಬ ಕೈ ಚಾಚಿಕೊಂಡು ಓಡಿಬರುತ್ತಿದ್ದ. ಇವನು ನೋಡಲೇ ಇಲ್ಲ. ಇದೊಂದು ತನ್ನದೇ ಆಗಬೇಕು, ಆ ಕಿಟಕಿಯೆದುರು ಆಗಬೇಕು ಎಂಬ ಹಟ ತಲೆಗೇರಿತ್ತು. ಇಬ್ಬರು ಫ್ರೆಂಚರು ಬಂದು ಅವನನ್ನು ಸೊಂಟಕ್ಕೆ ಹಿಡಿದರು. ಗಂಟೆ ಬಾರಿಸಿ ರೈಲು ಹೊರಟುಹೋಯಿತು.

ಹ್ಯಾಟು ಕಣ್ಮರೆಯಾದ ಮೇಲೆ ಹಟಕ್ಕೆ ಅರ್ಥವೇನು? ನೆಲಕ್ಕೆ ಬೀಳುತ್ತ ಬೀಳುತ್ತ ಎಮ್ಲಿನ್ ಒಂಟಿ ಕೈಯಲ್ಲಿ ಚೆಂಡನ್ನು ಒಳಕ್ಕೆ ಎಸೆದ. ಹುಡುಗ ಹಿಡಿದು ಗೆರೆ ದಾಟಿ ಬಿದ್ದ. ಮೈದಾನ ಹುಚ್ಚೆದ್ದು ಕೂಗಿತು. ಅಷ್ಟರಿಂದಲೇ ವೇಲ್ಸ್ ಗೆದ್ದಿತು.

ಪಂದ್ಯ ಮುಗಿದ ಮೇಲೆ ಅವನು ಸ್ನಾನಕ್ಕೂ ಹೋಗಲಿಲ್ಲ. ಕೆಸರಿನ ಅಂಗಿಯ ಮೇಲೆ ಕೋಟು ಹಾಕಿಕೊಂಡು, ಮಾಲೀಶಿನವನ ಬೈಗುಳ ಬೆನ್ನಿಗೆ ಕಟ್ಟಿಕೊಂಡು, ಯಾರದೋ ಕೋಲು ಊರಿ ರಸ್ತೆ ದಾಟಿ ನಿಲ್ದಾಣದ ಬೆಂಚಿನಲ್ಲಿ ಕೂತ. ಕೂತೇ ಇದ್ದ. ಒಂದು ರೈಲು ಬಂತು, ಹೋಯಿತು. ಮುಂದಿನದರಿಂದ ಗೊಮರ್ ಇಳಿದ. ಮಗನನ್ನು ಕಂಡು ವಾಪಸ್ ಹತ್ತುವವನಂತೆ ತಿರುಗಿದ. ರೈಲು ಅವನಿಗಾಗಿ ಕಾಯಲಿಲ್ಲ.

"ನಾನು ಒಳಗೆ ಕಾಲಿಟ್ಟಿಲ್ಲ," ಎಂದ ಗೊಮರ್, ಯಾರೋ ತಪ್ಪು ಹೊರಿಸಿದರೋ ಎಂಬಂತೆ.

"ಇಲ್ಲ. ನಾನೇ ನೋಡಿದ್ನಲ್ಲ."

"ರೈಲಲ್ಲಿ ಯಾರು ಬೇಕಾದ್ರೂ ಓಡಾಡ್ಬಹುದು. ಪ್ರತಿ ಸಲಕ್ಕೂ ಟಿಕೆಟ್ ತಗೊಂಡಿದ್ದೀನಿ."

"ಗೇಟಿಗೆ ಯಾರಿದ್ದಾರಪ್ಪ?"

"ಇಯಾಂಟೊ ಕೈಲಿ ಬೀಗದ ಕೈ ಕೊಟ್ಟು ಬಂದೆ. ಹಲ್ಲುನೋವು ಅಂದೆ."

"ನಿನ್ನ ಬಾಯಲ್ಲಿ ಒಂದು ಹಲ್ಲೂ ಇಲ್ವಲ್ಲ ಅಪ್ಪಾ!"

"ಅವನಿಗೂ ಅದು ಗೊತ್ತು. 'ಬೇಗ ಹೋಗು, ಈ ಹಲ್ಲಿನ ಡಾಕ್ಟ್ರು ಎರಡೂವರೆಗೆ ಶುರು ಮಾಡ್ತಾರೆ' ಅಂದ."

ಎಮ್ಲಿನ್‌ಗೆ ನಗು ಬಂತು. ನಕ್ಕರೆ ಮಂಡಿ ನೋಯುತ್ತಿತ್ತು. ಗೊಮರ್ ನಗಲಿಲ್ಲ. ಬೆಂಚಿನ ಮುಂದೆ ಆಚೆ ಈಚೆ ಎರಡು ಸಲ ನಡೆದ. ಅವನು ಹಾಗೆ ಓಡಾಡಿದ್ದನ್ನು ಮಗ ಕಂಡಿದ್ದೇ ಇಲ್ಲ.

"ಕೊನೇಲಿ ನೀನು ಮಾಡಿದ್ದು ತಪ್ಪು," ಎಂದ ಅಪ್ಪ. "ಒಳಗಡೆ ಆ ಹುಡುಗ ಖಾಲಿ ಇದ್ದ. ಕೊಡಬೇಕಿತ್ತು. ಒಬ್ಬನೇ ನುಂಗೋಕೆ ಹೋದೆ. ಯಾವಾಗ್ಲೂ ನಿಂದು ಅದೇ."

"ಕೊಟ್ಟೆ."

"ಏನು?"

"ಬೀಳ್ತಾ ಕೊಟ್ಟೆ. ಅವನೇ ದಾಟಿಸಿದ್ದು. ಅದರಿಂದ್ಲೇ ಗೆದ್ವಿ. ಕೂಗು ಕೇಳಿಸ್ಲಿಲ್ವಾ ನಿಂಗೆ?"

ಗೊಮರ್ ನಿಂತುಬಿಟ್ಟ. "ಕೇಳಿಸ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ. ರೈಲು ಮುಂದೆ ಹೋಗ್ಬಿಟ್ಟಿತ್ತು." ಹ್ಯಾಟನ್ನು ಒಂದಿಷ್ಟು ಹಿಂದಕ್ಕೆ ತಳ್ಳಿಕೊಂಡ. "ಕೊಟ್ಯಾ ಹಾಗಾದ್ರೆ."

"ಕೊಟ್ಟೆ."

"ನಂಗೆ ಕಂಡಿದ್ದು ಅರ್ಧ ಅಷ್ಟೇ," ಎಂದ ಅಪ್ಪ. ಆಮೇಲೆ ಬಂದು ಪಕ್ಕದಲ್ಲಿ ಕೂತ. "ಆ ಒಂದು ತಿಂಗಳು ಯಾಕೋ ಕಾಯ್ಲಿಲ್ಲ? ಕಾಸು ಅಂತ ಹೇಳ್ಬೇಡ. ಕಾಸು ಎಲ್ಲಿ ಹೋಗ್ತಿತ್ತು, ಒಂದು ತಿಂಗಳು ಬಿಟ್ಟು ಬರ್ತಿತ್ತು. ಅದನ್ನೇ ಎಂಟು ವರ್ಷದಿಂದ ಯೋಚ್ನೆ ಮಾಡ್ತಿದ್ದೀನಿ."

ಎಮ್ಲಿನ್ ಕೋಲಿನ ತುದಿಯಿಂದ ಮರಳು ಕೆದಕಿದ. "ಕೆಳಗಿಳಿಯೋಕೆ ಆಗ್ತಿರ್ಲಿಲ್ಲ ಅಪ್ಪಾ. ತೊಟ್ಟಿಲು ಹತ್ತೋಕೆ. ಹೆದರಿಕೆ."

ಹೇಳಿದ ಮೇಲೆ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಅಪ್ಪನ ಉಸಿರು ಗೊರಗೊರ ಕೇಳುತ್ತಿತ್ತು.

"ಮುಂಡೇದೇ," ಎಂದ ಗೊಮರ್ ಕೊನೆಗೆ, ಬಹಳ ಮೆತ್ತಗೆ. "ಅಷ್ಟನ್ನ ನನಗೆ ಹೇಳೋಕಾಗ್ಲಿಲ್ವಾ? ನಂಗೂ ಹಂಗೇ ಕಣೋ. ಹದಿಮೂರನೇ ವಯಸ್ಸಿಂದ. ದಿನಾ ಬೆಳಿಗ್ಗೆ ಮುಂದೆ ನಿಂತವನ ಕೋಟು ಹಿಡ್ಕೊಂಡೇ ಇಳೀತೀನಿ, ಅವನಿಗೂ ಗೊತ್ತಾಗದ ಹಾಗೆ. ಒಂದಲ್ಲ ಒಂದು ದಿನ ಹೋಗತ್ತೆ ಅಂತ ಕಾದೆ."

"ಹೋಯ್ತಾ?"

"ಇಲ್ಲ. ಅದಕ್ಕೇ ಶನಿವಾರ ಗೇಟು ಇಸ್ಕೊಂಡಿದ್ದು. ಬಯಲಲ್ಲಿ, ಗಾಳೀಲಿ ನಿಂತ್ಕೋಬಹುದಲ್ಲ."

ಅಷ್ಟರಲ್ಲಿ ಅಮ್ಮ ಕೈಚೀಲ ತೂಗಾಡಿಸಿಕೊಂಡು ರಸ್ತೆ ದಾಟಿ ಬಂದಳು. ಗಂಡನನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ಬೆಳಿಗ್ಗೆ ಹಲ್ಲುನೋವು ಅಂತಿದ್ರು, ಹ್ಯಾಟೂ ಉಜ್ಜುತಾ ಇದ್ರು," ಎಂದಳು ಮಗನಿಗೆ. "ಹಲ್ಲುನೋವಿಗೆ ಹ್ಯಾಟು ಯಾಕೆ ಅಂತ ನಾನು ಕೇಳ್ಲಿಲ್ಲ."

ಪೇಟೆಯ ಕಡೆಯ ರೈಲು ಬಂತು. ಕೆಳಗಿನ ಮಹಡಿ ಪಂದ್ಯ ನೋಡಿ ಹೊರಟವರಿಂದ ಕಿಕ್ಕಿರಿದಿತ್ತು. ಮೇಲಕ್ಕೆ ಹೋಗಬೇಕೆಂದರೆ ಕಡಿದಾದ ಮೆಟ್ಟಿಲು. ಎಮ್ಲಿನ್ ಒಂದು ಕೈಯಲ್ಲಿ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿ ನಿಂತ, ಮುಂದೆ ಆಗಲಿಲ್ಲ. ಅಮ್ಮ ಕೋಲು ಇಸಿದುಕೊಂಡಳು. ಗೊಮರ್ ಅವನನ್ನು ದಾಟಿ ಮೇಲಕ್ಕೆ ಹೋಗಿ ತಿರುಗಿ ಬಗ್ಗಿದ. ಎಳೆಯಲು ಎರಡೂ ಕೈ ಬೇಕಿತ್ತು, ಬಗ್ಗಿದರೆ ಹ್ಯಾಟು ಬೀಳುತ್ತಿತ್ತು. ಅತ್ತಿತ್ತ ನೋಡಿ, ಎಲ್ಲಿಡುವುದೆಂದು ತೋಚದೆ, ಅದನ್ನು ತೆಗೆದು ಮಗನ ತಲೆಯ ಮೇಲಿಟ್ಟ. ಆಮೇಲೆ ಕಂಕುಳಿಗೆ ಕೈ ಹಾಕಿ ದಮ್ಮು ಕಟ್ಟಿ ಎಳೆದುಕೊಂಡ.

ಕಿಟಕಿಯ ಪಕ್ಕ ಕೂತ ಮೇಲೆ ಎಮ್ಲಿನ್ ಹ್ಯಾಟು ತೆಗೆದು ವಾಪಸ್ ಕೊಡಲು ಹೋದ.

"ಇರ್ಲಿ," ಎಂದ ಗೊಮರ್, ಏದುಸಿರು ಬಿಡುತ್ತ. "ಮನೆ ಮುಟ್ಟೋವರೆಗೂ ಹಾಕ್ಕೊಂಡಿರು."